ಟ್ರಾಲಿಯೊಳಗಿನ ಕುಂಬಳಕಾಯಿ

ಆ ಶನಿವಾರವೂ ಎದ್ದದ್ದು ಆರೂವರೆಗೇ. ಈ ದೇಶದಲ್ಲಿ ಏಳು ಗಂಟೆಯಾದರೂ ಸೂರ್ಯ ಮುಖ ತೋರಿಸುವುದಿಲ್ಲ. ಬಂದು ಹನ್ನೊಂದು ವರ್ಷವಾದರೂ ಈ ತಡವಾದ ಬೆಳಗಿಗೆ ನಾನು ಒಗ್ಗಿಲ್ಲ. ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಾತ್ರೆಯ ಡಬ್ಬಿ ಎರಡನ್ನೂ ತೆಗೆದೆ. ನೀಲಿ ಡಬ್ಬಿ ನನ್ನದು, ಹಳದಿಯದು ಕೋಪಿಯದು. ನನ್ನ ಅರ್ಧ ಮಾತ್ರೆಯನ್ನು ನೀರಿನೊಂದಿಗೆ ನುಂಗಿದೆ. ಕೋಪಿಯ ಕೀಲುನೋವಿನ ಮಾತ್ರೆಯನ್ನು ಬಾಳೆಹಣ್ಣಿನ ತುಂಡಿನೊಳಗೆ ತೂರಿಸಿ ಕೊಟ್ಟೆ. ಅದು ಎಂದಿನಂತೆ ಹಣ್ಣು ತಿಂದು ಮಾತ್ರೆಯನ್ನು ನೆಲದ ಮೇಲೆ ಉಗಿಯಿತು. ಎಂದಿನಂತೆ ಎರಡನೇ ಸಲ ಕೊಟ್ಟಾಗ ಪಾಪ ಎನ್ನುವ ಹಾಗೆ ನುಂಗಿತು.

ಕೋಪಿ ನಮ್ಮ ನಾಯಿ. ಇಲ್ಲಿಯ ಭಾಷೆಯಲ್ಲಿ ಕೋಪಿ ಎಂದರೆ ಕಾಫಿ. ಮೈಬಣ್ಣ ನೋಡಿ ಹಳೆಯ ಯಜಮಾನರು ಇಟ್ಟ ಹೆಸರು. ನಮ್ಮ ಭಾಷೆಯ ಕೋಪ ಅದಕ್ಕೆ ಗೊತ್ತೇ ಇಲ್ಲ. ಹನ್ನೆರಡು ವರ್ಷದ ಮುದಿ ಜೀವ, ಎಡಗಿವಿ ಮಡಚಿಕೊಂಡಿದೆ, ಸ್ವಲ್ಪ ತಂಪು ತಾಗಿದರೂ ಸೀನುತ್ತದೆ.

ನಮ್ಮವರು ಊಟದ ಮೇಜಿನ ಮೇಲೆ ಟವೆಲ್ ಹಾಸಿ ಶರ್ಟು ಇಸ್ತ್ರಿ ಮಾಡುತ್ತಿದ್ದರು. ರಜೆಯ ದಿನ ಅವರು ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ.

“ನೋಡು ಲಲಿ, ನೀನು ಜಾಸ್ತಿ ಮಾತಾಡ್ಬೇಡ. ಡಾಕ್ಟರ್ ಲೆಟರ್ ಕೊಡೋಣ. ಕೇಳಿದ್ದಕ್ಕೆ ಮಾತ್ರ ಉತ್ತರ.”

“ಹೂಂ ರೀ.”

“ಅಮ್ಮಾ, ಡೋಂಟ್ ಓವರ್ ಎಕ್ಸ್‌ಪ್ಲೇನ್, ಓಕೆ?” ಎಂದಳು ಮಗಳು ನಿಧಿ, ಕೋಪಿಯ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದ್ದಲ್ಲಿಂದಲೇ.

ಹನ್ನೊಂದು ಗಂಟೆಗೆ ನಮ್ಮ ಕಟ್ಟಡದ ಸಮಿತಿಯ ಸಭೆಯಿತ್ತು. ಬಾಂಗ್ಸಾರ್ ಬಡಾವಣೆಯ ಈ ಕಟ್ಟಡದಲ್ಲಿ ಬೆಕ್ಕು ಸಾಕಬಹುದು, ನಾಯಿ ಸಾಕುವಂತಿಲ್ಲ. ಆರು ತಿಂಗಳು ಕದ್ದು ಸಾಕಿದ ನಾಯಿ ನಮ್ಮ ಮನೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಅವತ್ತು ತೀರ್ಮಾನವಾಗುವುದಿತ್ತು.

ನನ್ನ ಕಾಯಿಲೆಯ ಬಗ್ಗೆ ಬರೆಯುತ್ತೇನೆಂದು ಹೊರಟವಳು ನಾಯಿಯಿಂದ ಶುರು ಮಾಡಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ದಾರಿ ನನಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿಮೂಟೆಗಳ ಮುಂದೆ ನಿಂತಿದ್ದೆ. ಐದು ಕಿಲೋದ್ದು ತೆಗೆದುಕೊಳ್ಳಲೋ ಹತ್ತರದ್ದೋ ಎಂದು ಯೋಚಿಸುತ್ತಿದ್ದೆ, ಅಷ್ಟೇ. ಎದೆ ಒಮ್ಮೆಲೇ ಡವಡವನೆ ಬಡಿದುಕೊಳ್ಳತೊಡಗಿತು. ಬೆರಳ ತುದಿಗಳು ಮರಗಟ್ಟಿದವು. ಗಂಟಲಿಗೆ ಯಾರೋ ಬಟ್ಟೆ ತುರುಕಿದಂತಾಯಿತು. ಸಾಯುತ್ತಿದ್ದೇನೆ ಎಂದುಕೊಂಡೆ. ಅನುಮಾನವಲ್ಲ, ಖಚಿತವಾಗಿ ಗೊತ್ತಿತ್ತು. ನಿಧಿಯನ್ನು ಶಾಲೆಯಿಂದ ಕರೆತರುವವರು ಯಾರು ಎಂಬುದೊಂದೇ ಯೋಚನೆ.

ನಮ್ಮವರು ಸೈಬರ್‌ಜಯಾದ ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಅಂಗಡಿಯವರೇ ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದರು. ತುರ್ತು ವಿಭಾಗದ ಕುರ್ಚಿಗಳೆಲ್ಲ ಒಂದಕ್ಕೊಂದು ಜೋಡಿಸಿದವು; ಒಬ್ಬರು ಕಾಲು ಅಲ್ಲಾಡಿಸಿದರೆ ಇಡೀ ಸಾಲು ನಡುಗುತ್ತದೆ. ಅವತ್ತು ನಡುಗಿಸುತ್ತಿದ್ದವಳು ನಾನು. ಪಕ್ಕದಲ್ಲಿದ್ದ ಚೀನೀ ಅಜ್ಜಿಯೊಬ್ಬರು ಕೈಚೀಲದಿಂದ ಒಂದು ಪುಟ್ಟ ಎಣ್ಣೆಸೀಸೆ ತೆಗೆದು, ನನ್ನ ಮಣಿಕಟ್ಟಿಗೆ ಎರಡು ಹನಿ ಹಾಕಿ ಹೆಬ್ಬೆರಳಿನಿಂದ ಉಜ್ಜಿದರು. ನೀಲಗಿರಿ ಎಣ್ಣೆಯ ವಾಸನೆ. ಅವರ ಸರದಿ ಬಂದಾಗ ಎದ್ದು ಹೋದರು. ಅವರ ಹೆಸರೂ ಗೊತ್ತಿಲ್ಲ, ಅವರಿಗೆ ಏನಾಗಿತ್ತೆಂದೂ ನಾನು ಕೇಳಲಿಲ್ಲ.

ಇಸಿಜಿ ಸರಿಯಿತ್ತು. ರಕ್ತವೂ ಸರಿಯಿತ್ತು. “ನಥಿಂಗ್ ಲಾ, ಆಂಟಿ. ಸ್ಟ್ರೆಸ್,” ಎಂದರು ಎಳೆಯ ಡಾಕ್ಟರು, ಇಲ್ಲಿಯವರು ಮಾತಿನ ಕೊನೆಗೆ ಸುಮ್ಮನೆ ಹಚ್ಚುವ ‘ಲಾ’ ಹಚ್ಚಿ.

“ಏನೂ ಇಲ್ಲ ಅಂದ್ರಲ್ಲ, ದೇವರು ದೊಡ್ಡೋನು,” ಎಂದು ನಮ್ಮವರು ಕಾರಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ನಾಚಿಕೆಯಾಯಿತು. ಏನಾದರೂ ಸಿಗಲಿ ಎಂದು ನಾನು ಒಳಗೊಳಗೇ ಹಾರೈಸಿದ್ದೆ. ಹೆಸರಿಲ್ಲದ ಕಾಯಿಲೆಗೆ ಇಷ್ಟು ಜನರನ್ನು ಓಡಾಡಿಸಿದೆನಲ್ಲ!

ಆಮೇಲೆ ಅದು ಲಿಫ್ಟಿನಲ್ಲಿ ಬಂತು. ರೈಲಿನಲ್ಲಿ ಬಂತು. ಕೊನೆಗೆ ಮನೆಯ ಬಾಗಿಲ ಚಿಲಕ ಮುಟ್ಟಿದರೆ ಸಾಕು, ಬರುತ್ತಿತ್ತು. ಹತ್ತು ತಿಂಗಳು ನಾನು ಒಬ್ಬಳೇ ಹದಿನಾಲ್ಕನೇ ಮಹಡಿಯಿಂದ ಕೆಳಗಿಳಿಯಲಿಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, “ಉಪ್ಪು ಮೆಣಸಿನಕಾಯಿ ನಿವಾಳಿಸ್ಕೊಳೇ, ಯಾರದೋ ಕಣ್ಣು ಬಿದ್ದಿದೆ,” ಎನ್ನುತ್ತಿದ್ದಳು. ನಿವಾಳಿಸಿಕೊಂಡೆ. ಮೆಣಸಿನಕಾಯಿಯ ಹೊಗೆಗೆ ಮನೆಯ ಫೈರ್ ಅಲಾರಂ ಹೊಡೆದುಕೊಂಡು, ನಿಧಿ ನಕ್ಕು ನಕ್ಕು ಅತ್ತಳು. ನಾನೂ ನಕ್ಕೆ. ಆ ವರ್ಷ ನಾನು ನಕ್ಕ ಲೆಕ್ಕದಲ್ಲಿ ಅದೊಂದು ನೆನಪಿದೆ.

ಆ ಹತ್ತು ತಿಂಗಳು ನಮ್ಮ ಮನೆಗೆ ತರಕಾರಿ ತಂದುಕೊಟ್ಟವರು ಎದುರು ಮನೆಯ ಕಾಕ್ ಜೈತೂನ್. ಇಲ್ಲಿ ಅಕ್ಕನಿಗೆ ಕಾಕ್ ಎನ್ನುತ್ತಾರೆ. ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ದಿನಕ್ಕೆ ಐದು ಹೊತ್ತು ತಪ್ಪದೆ ನಮಾಜು ಮಾಡುವವರು. ಬಾಗಿಲ ಹೊರಗೆ ಅಡುಗೆಯ ಪರಿಮಳಕ್ಕೆ ಪಾಂಡನ್ ಎಲೆ, ಮೆಣಸಿನ ಗಿಡ, ಒಂದು ಕರಿಬೇವು. ಕರಿಬೇವು ನನಗೋಸ್ಕರ ಬೆಳೆಸಿದ್ದು. ಅವರ ಅಡುಗೆಗೆ ಅದು ಅಪರೂಪಕ್ಕೆ ಬೇಕು. ನನ್ನನ್ನೇನೂ ಕೇಳದೆ, ಬೆಳಿಗ್ಗೆ ಸಂತೆಯಿಂದ ಬರುವಾಗ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ಸಿಕ್ಕಿಸಿ ಹೋಗುತ್ತಿದ್ದರು. ಒಮ್ಮೆ ಬೆಂಡೆಕಾಯಿಯ ನಡುವೆ ಇಂಗ್ಲಿಷಿನ ಚೀಟಿಯೊಂದಿತ್ತು: “ಮುರಿದು ನೋಡಿ ತಂದಿದ್ದೇನೆ, ಎಳೆಯದು.”

ನಮ್ಮವರ ಸಹೋದ್ಯೋಗಿಯೊಬ್ಬರು ಮೆಲಾಕಾದಲ್ಲಿ ಕನ್ನಡದ ಡಾಕ್ಟರೊಬ್ಬರಿದ್ದಾರೆ ಎಂದರು. ಡಾ. ನಸೀಮಾ, ಧಾರವಾಡದವರು, ಮನೋವೈದ್ಯೆ. ಎರಡು ಗಂಟೆಯ ಕಾರುದಾರಿ. ಕಾನ್ವೆಂಟಿನಲ್ಲಿ ಓದಿದ ನನಗೆ ಇಂಗ್ಲಿಷಿಗೇನೂ ಬರವಿಲ್ಲ. ಆದರೆ ನನ್ನ ಇಂಗ್ಲಿಷಿನಲ್ಲಿ ನಾನು ಯಾವಾಗಲೂ “ಫೈನ್, ಥ್ಯಾಂಕ್ ಯೂ” ಆಗಿಯೇ ಇರುತ್ತೇನೆ. ಭಯ ಹೇಳಿಕೊಳ್ಳುವುದಕ್ಕೆ ಆ ಭಾಷೆಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

“ಎದಿ ಹೊಡ್ಕೋತದೇನ್ರೀ? ಈಗ ಸತ್ತೆ ಅನಸ್ತದೇನ್ರೀ?” ಎಂದು ಕೇಳಿದರು ಡಾ. ನಸೀಮಾ.

ಹೂಂ ಎಂದೆ.

“ಎಷ್ಟು ಸಲ ಸತ್ತೀರಿ ಇಲ್ಲೀತನಕ?”

ನಾನು ನಿಜವಾಗಿಯೂ ಎಣಿಸತೊಡಗಿದೆ. ಅವರು ನಕ್ಕರು. “ನೋಡ್ರೀ, ಒಮ್ಮೀನೂ ಸತ್ತಿಲ್ಲ. ಇದಕ್ಕ ಹೆಸರದ, ಔಷಧ ಅದ. ನಿಮ್ಮೊಬ್ಬರಿಗಷ್ಟೇ ಬಂದದ್ದಲ್ಲ.” ಪ್ಯಾನಿಕ್ ಡಿಸಾರ್ಡರ್ ಎಂದು ಬರೆದರು. ಹಿಂತಿರುಗುವಾಗ ಕಾರಿನಲ್ಲಿ ಆ ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಮಾತ್ರೆಯಿಂದ ರಾತ್ರಿಯ ನಿದ್ದೆ ಬಂತು, ಹಗಲಿನ ಧೈರ್ಯ ಬರಲಿಲ್ಲ. ದಿನಕ್ಕೊಂದು ಹೆಜ್ಜೆ ಎಂದಿದ್ದರು: ಮೊದಲ ದಿನ ಹೊಸ್ತಿಲು, ಆಮೇಲೆ ಕಾರಿಡಾರು, ಆಮೇಲೆ ಲಿಫ್ಟಿನ ಗುಂಡಿ. ನನ್ನ ಪಾಠ ಕಾರಿಡಾರಿನಲ್ಲೇ ನಿಂತುಹೋಗಿತ್ತು.

ದೀಪಾವಳಿ ಮುಗಿದ ಮರುವಾರ ಕೋಪಿ ಬಂತು. ನಮ್ಮವರ ಆಫೀಸಿನ ಒಂದು ಕುಟುಂಬ ಬಹುದೂರದ ತಮ್ಮ ದೇಶಕ್ಕೆ ಮರಳುತ್ತಿತ್ತು. ಅಷ್ಟು ದೀರ್ಘ ವಿಮಾನಯಾನವನ್ನು ಮುದಿನಾಯಿ ತಡೆಯದು ಎಂದು ಪಶುವೈದ್ಯರು ಹೇಳಿದ್ದರಂತೆ. “ಎರಡೇ ವಾರ, ಬೇರೆ ಮನೆ ಸಿಗೋವರೆಗೆ,” ಎಂದರು ನಮ್ಮವರು. ನಿಯಮ ಇದೆಯಲ್ಲ ರೀ ಎಂದೆ. “ಬೊಗಳಲ್ವಂತೆ,” ಎಂದರು, ಅದೇ ಉತ್ತರ ಎನ್ನುವ ಹಾಗೆ.

ಬೊಗಳುತ್ತಿರಲಿಲ್ಲ, ನಿಜ. ಆದರೆ ಹುಲ್ಲು ಕಾಣದೆ ಅದು ಮೂತ್ರ ಮಾಡುತ್ತಿರಲಿಲ್ಲ. ಬಾಲ್ಕನಿಯಲ್ಲಿ ಕಾಗದ ಹಾಸಿದೆ, ಮರಳು ಹಾಕಿದೆ, ಕುಂಡದಲ್ಲಿ ಗರಿಕೆ ಇಟ್ಟೆ. ರಾತ್ರಿ ಮಾತ್ರ ನಮ್ಮವರು ಅದನ್ನು ಕದ್ದು ಕೆಳಗೊಯ್ಯುತ್ತಿದ್ದರು. ಮೂರನೆಯ ದಿನ, ನಮ್ಮವರು ಆಫೀಸಿನಲ್ಲಿದ್ದಾಗ, ಬಾಗಿಲ ಮುಂದೆ ನಿಂತು ನನ್ನನ್ನೇ ನೋಡಿತು. ಕುಂಯಿ ಎನ್ನಲೂ ಇಲ್ಲ. ಹಿಂಗಾಲು ಸಣ್ಣಗೆ ನಡುಗುತ್ತಿತ್ತು. ಆಸ್ಪತ್ರೆಯ ಕುರ್ಚಿಸಾಲು ನೆನಪಾಯಿತು.

ತರಕಾರಿಯ ಟ್ರಾಲಿ ಚೀಲ ತೆಗೆದೆ. ಎರಡು ಗಾಲಿಯ, ಚೌಕುಳಿ ಬಟ್ಟೆಯ ಹಳೆಯ ಟ್ರಾಲಿ. ಕೋಪಿಯನ್ನು ಒಳಗೆ ಕೂರಿಸಿ, ಮೇಲೆ ಒಂದು ಕಟ್ಟು ಬಸಳೆಸೊಪ್ಪು ಹೊದಿಸಿ, ಉಸಿರಾಟಕ್ಕೆ ಜಿಪ್ಪನ್ನು ನಾಲ್ಕು ಬೆರಳಷ್ಟು ಬಿಟ್ಟೆ. ಲಿಫ್ಟಿನ ಗುಂಡಿ ಒತ್ತಿದೆ. ಒಳಗೆ ನಿಂತಾಗ ಎದೆ ಶುರು ಮಾಡಿಕೊಂಡಿತು. ಬೆರಳುಗಳನ್ನು ಜಿಪ್ಪಿನೊಳಗೆ ತೂರಿಸಿ, ಮಡಚಿದ ಆ ಬೆಚ್ಚನೆಯ ಕಿವಿಯನ್ನು ಹಿಡಿದುಕೊಂಡೆ. ಹನ್ನೆರಡು, ಹನ್ನೊಂದು, ಹತ್ತು… ಕೆಳಗಿನ ಬಾಗಿಲು ತೆರೆದಾಗ ನಾನು ಬದುಕಿದ್ದೆ. ಹಿಂದಿನ ಗೇಟಿನಾಚೆಯ ಹುಲ್ಲಿನಲ್ಲಿ ಕೋಪಿ ಎಷ್ಟು ಹೊತ್ತು ನಿಂತಿತೆಂದರೆ, ನಾನು ತಲೆಯೆತ್ತಿ ಆಕಾಶ ನೋಡಿದೆ. ತುಂಬ ಬಿಸಿಲಿತ್ತು.

ಎರಡು ವಾರ ಎರಡು ತಿಂಗಳಾಯಿತು. ಬೇರೆ ಮನೆ ಹುಡುಕುವುದನ್ನು ನಮ್ಮವರು ನಿಲ್ಲಿಸಿದರು, ನಾನು ಕೇಳುವುದನ್ನು ನಿಲ್ಲಿಸಿದೆ. ದಿನಕ್ಕೆರಡು ಸಲ ಕೆಳಗಿಳಿಯುತ್ತಿದ್ದೆ. ಹತ್ತು ತಿಂಗಳಲ್ಲಿ ಆಗದ್ದು ಹತ್ತು ದಿನದಲ್ಲಿ ಆಗಿತ್ತು. ನನ್ನ ಗುಣವಾಗುವಿಕೆಯ ಮೊದಲ ಹೆಜ್ಜೆಯೇ ಒಂದು ಕಳ್ಳತನವೆಂದು ಗೊತ್ತಿದ್ದೂ ಟ್ರಾಲಿ ಎಳೆದೆ.

ಮೊದಲ ವಾರದಲ್ಲೇ, ಹಾಗೆ ಎಳೆದುಕೊಂಡು ಬರುತ್ತಿದ್ದಾಗ ಒಂದು ಮಧ್ಯಾಹ್ನ, ಹಿಂದಿನ ಗೇಟಿನ ಮೆಟ್ಟಿಲಿಗೆ ಗಾಲಿ ಸಿಕ್ಕಿಕೊಂಡಿತು. ಎದುರಿಗೆ ಕಾಕ್ ಜೈತೂನ್.

“ಅಯ್ಯೋ, ಹೊರಗೆ ಬಂದಿದ್ದೀಯಾ ಲಲಿ! ಒಬ್ಬಳೇ!” ಅವರ ಮುಖ ಅರಳಿದ್ದನ್ನು ನಾನು ಈಗಲೂ ನೋಡಬಲ್ಲೆ. “ತಾಳು, ನಾನು ಹಿಡೀತೀನಿ.”

ಬೇಡ ಕಾಕ್ ಎನ್ನುವಷ್ಟರಲ್ಲಿ ಅವರು ಬಗ್ಗಿ, ಚೀಲದ ತಳಕ್ಕೆ ಕೈಕೊಟ್ಟು ಎತ್ತಿದ್ದರು. “ಏನಿದು ಇಷ್ಟು ಭಾರ?”

“ಕುಂಬಳಕಾಯಿ, ಕಾಕ್.”

ಎಲ್ಲಿಂದ ಬಂತೋ ಆ ಮಾತು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಯಾರೂ ಕಳ್ಳಿ ಎನ್ನದೆಯೇ ಕುಂಬಳಕಾಯಿ ಎಂದುಬಿಟ್ಟಿದ್ದೆ. ಚೀಲದ ತಳ ಒದ್ದೆಯಾಗಿತ್ತು. ಬಿಸಿಲಿಗೆ ಕೋಪಿ ಜೊಲ್ಲು ಸುರಿಸುತ್ತದೆ. ಕಾಕ್ ಬೆರಳುಗಳನ್ನು ನೋಡಿಕೊಂಡು, ಕೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ಇನ್ನೊಂದು ಕೈಯಲ್ಲಿ ಟ್ರಾಲಿಯ ಹಿಡಿ ಹಿಡಿದು ಲಿಫ್ಟಿನವರೆಗೆ ಎಳೆದರು. ಅಷ್ಟರಲ್ಲಿ ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿಸಿತು. “ನಮಾಜಿಗೆ ಹೊತ್ತಾಯ್ತು,” ಎಂದು ಬೇಗ ಬೇಗ ಒಳಗೆ ಹೋದರು.

ಅದಾದ ಮೇಲೂ ಅವರು ಎಷ್ಟೋ ಸಲ ಟ್ರಾಲಿ ಎತ್ತಿಕೊಟ್ಟರು. ನಾನು ಎಷ್ಟೋ ಸಲ ಸುಮ್ಮನಿದ್ದೆ.

ಮುಂದಿನ ಭೇಟಿಯಲ್ಲಿ ಡಾ. ನಸೀಮಾ ಅವರಿಗೆ ಹೆಮ್ಮೆಯಿಂದ ಎಲ್ಲ ಹೇಳಿದೆ, ಕುಂಬಳಕಾಯಿಯ ಕಥೆಯನ್ನು ತಮಾಷೆ ಎಂಬಂತೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು.

“ಅವರಿಗೆ ಹೇಳೀರೇನ್ರೀ, ಒಳಗ ನಾಯಿ ಅದ ಅಂತ?”

“ಇಲ್ಲ.”

“ನಮ್ಮ ಮನಿಯೊಳಗ ಇಷ್ಟು ಕಟ್ಟುನಿಟ್ಟಿಲ್ರೀ. ಆದ್ರ ಇಲ್ಲಿಯವರು ಭಾಳ ಪಾಲಸ್ತಾರ. ನಾಯಿಯ ಜೊಲ್ಲು ಹತ್ತಿದ್ರ ಆ ಕೈ ಏಳು ಸಲ ತೊಳೀಬೇಕು, ಅದರಾಗ ಒಂದು ಸಲ ಮಣ್ಣು ಕಲಸಿದ ನೀರಿನಿಂದ. ಅಲ್ಲೀತನಕ ನಮಾಜು ಕೂಡಂಗಿಲ್ಲ. ನಾಯಿ ಕೆಟ್ಟದ್ದು ಅಂತಲ್ಲ, ಅದೊಂದು ಮಡಿ ಅನ್ಕೋರಿ. ನಿಮ್ಮಜ್ಜಿ ಮಡೀಲಿದ್ದಾಗ ಗೊತ್ತಿಲ್ಲದಂಗ ಯಾರರೆ ಮುಟ್ಟಿಸಿದ್ರ?”

ನನ್ನ ಅಜ್ಜಿ ಒದ್ದೆಸೀರೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಶಾಲೆಯಿಂದ ಬಂದ ನಾನು ಓಡಿ ಹೋಗಿ ಅಪ್ಪಿಕೊಂಡರೆ ಬೈಯದೆ, ಎರಡನೇ ಸಲ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಆ ನೀರಿನ ಸದ್ದು ನನಗೆ ಕೇಳಿಸಿತು.

ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಹೇಳಿದರೆ ನಾಯಿ ಹೋಗುತ್ತದೆ, ನಾಯಿ ಹೋದರೆ ನಾನು ಮತ್ತೆ ಕಾರಿಡಾರಿಗೆ ಹಿಂತಿರುಗುತ್ತೇನೆ. ಹೀಗೆ ನಾಳೆ ನಾಳೆ ಎಂದು ತಿಂಗಳುಗಳು ಕಳೆದವು. ಕಾಕ್ ಬಾಗಿಲ ಮುಂದೆ ಹಾದುಹೋಗುವಾಗ ತಲೆತಗ್ಗಿಸಿ ನೆಲವನ್ನೇ ನೋಡುತ್ತಿದ್ದೆ. ಹಾಗೆ ನೋಡಿಯೇ ಅವರ ಕುಂಡಗಳ ತಳದ ಬಿರುಕುಗಳೂ ನನಗೆ ಬಾಯಿಪಾಠ. ಕುಂಡಗಳ ಪಕ್ಕ ಒಂದು ಬಕೆಟ್ಟು, ಮಗ್ಗು, ಪಿಂಗಾಣಿ ತಟ್ಟೆಯಲ್ಲಿ ಒಂದು ಕಂದು ಬಣ್ಣದ ಸೋಪಿನ ತುಂಡು. ಗಿಡದ ಕೆಲಸ ಮುಗಿಸಿ ಕೈತೊಳೆಯಲು ಇಟ್ಟಿರಬೇಕು ಎಂದುಕೊಂಡಿದ್ದೆ.

ಅಪ್ಪನ ಭೀಮರಥ ಶಾಂತಿ ಬಂತು. ಎಪ್ಪತ್ತು ತುಂಬಿದ ಸಂಭ್ರಮ, ನನ್ನ ತಮ್ಮ ಎಲ್ಲರನ್ನೂ ಮೈಸೂರಿಗೆ ಕರೆದಿದ್ದ. ವಿಮಾನದಲ್ಲಿ ನಾಯಿಯನ್ನು ಮಡಿಲಲ್ಲಿಟ್ಟುಕೊಳ್ಳಬಹುದೇ ಎಂದು ವಿಚಾರಿಸಿದೆ. ಸಾಮಾನಿನ ಜಾಗದಲ್ಲಿ ಮಾತ್ರ ಎಂದರು, ಡಾಕ್ಟರ ಪತ್ರವಿದ್ದರೂ. ರೈಲಿನಲ್ಲಾದರೂ ಅಭ್ಯಾಸ ಮಾಡೋಣವೆಂದು ಟ್ರಾಲಿಯೊಂದಿಗೆ ನಿಲ್ದಾಣಕ್ಕೆ ಹೋದರೆ, ಕಾವಲಿನವ ಜಿಪ್ಪಿನ ಸಂದಿಯಲ್ಲಿ ಮೂಗು ಕಂಡು, “ತಾ ಬೊಲೆ, ಆಂಟಿ,” ಎಂದ. ಆಗುವುದಿಲ್ಲ ಎಂದು. ಗದರಲಿಲ್ಲ, ಅವನಿಗೇ ಬೇಸರವಾದಂತಿತ್ತು. ಕೊನೆಗೆ ನಮ್ಮವರೂ ನಿಧಿಯೂ ಇಬ್ಬರೇ ಮೈಸೂರಿಗೆ ಹೋದರು. ನಾನು ವಿಡಿಯೋದಲ್ಲಿ ನೋಡಿದೆ. ಕಳಶದ ನೀರು ಸುರಿಯುವಾಗ ಅಪ್ಪ ಫೋನಿನ ಕಡೆ ತಿರುಗಿ, “ಲಲಿತಾ ಎಲ್ಲಿ, ಕಾಣ್ತಿಲ್ಲ,” ಎಂದರು. ನನ್ನ ಕ್ಯಾಮೆರಾ ಆಫ್ ಆಗಿತ್ತು. ಆನ್ ಮಾಡಲಿಲ್ಲ.

ಕಟ್ಟಡದ ಆಫೀಸಿನಿಂದ ಪತ್ರ ಬಂದದ್ದು ಹೋದ ತಿಂಗಳು. ನಿಮ್ಮ ಮನೆಯಲ್ಲಿ ನಾಯಿ ಇರುವುದು ಗಮನಕ್ಕೆ ಬಂದಿದೆ, ಹದಿನಾಲ್ಕು ದಿನದೊಳಗೆ ತೆರವುಗೊಳಿಸಿ, ಇಲ್ಲವೇ ಸಮಿತಿಯ ಮುಂದೆ ಬನ್ನಿ. ಓದಿದೊಡನೆ ನನ್ನ ಮನಸ್ಸಿಗೆ ಬಂದದ್ದು ಕಾಕ್ ಮುಖ. ಅವರೇ ಹೇಳಿರಬೇಕು. ಮೂರು ದಿನ ಅವರ ನಗೆಗೆ ನಗೆ ಕೊಡಲಿಲ್ಲ. ನಾಲ್ಕನೇ ದಿನ ಆಫೀಸಿನ ದೇವಿ, ತಮಿಳು ಹುಡುಗಿ, ಕಂಪ್ಯೂಟರಿನಲ್ಲಿ ಲಿಫ್ಟಿನ ಕ್ಯಾಮೆರಾದ ಚಿತ್ರ ತೋರಿಸಿದಳು. ಚೌಕುಳಿ ಟ್ರಾಲಿ, ಬಸಳೆಸೊಪ್ಪು, ಸೊಪ್ಪಿನ ನಡುವೆ ಹೊರಬಂದು ಅಲ್ಲಾಡುವ ಒಂದು ಬಾಲ.

“ಯಾರೂ ಕಂಪ್ಲೇಂಟ್ ಮಾಡಿಲ್ಲ ಆಂಟಿ. ಈ ಬಾಲವೇ ಮಾಡಿದ್ದು ಲಾ,” ಎಂದಳು.

ನನ್ನನ್ನು ಹತ್ತು ತಿಂಗಳು ಸಾಕಿದವರನ್ನು ನಾನು ಮೂರು ದಿನ ಅನುಮಾನಿಸಿದ್ದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಇಂಥ ನಾಯಿಗೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ, ಎಮೋಷನಲ್ ಸಪೋರ್ಟ್ ಆನಿಮಲ್. ಹೊರದೇಶದ ಜಾಲತಾಣವೊಂದು ಬಾಡಿಗೆ ಮನೆಯಲ್ಲಿ ನಿಮ್ಮ ಹಕ್ಕು, ಪ್ರಯಾಣದಲ್ಲಿ ನಿಮ್ಮ ಹಕ್ಕು ಎಂದೆಲ್ಲ ಬರೆದಿತ್ತು. ಹನ್ನೆರಡು ಪ್ರಶ್ನೆಗೆ ಉತ್ತರಿಸಿದರೆ ಸರ್ಟಿಫಿಕೇಟು. ಉತ್ತರಿಸಿದೆ. ಬಂಗಾರದ ಮುದ್ರೆಯ ಹಾಳೆ ಬಂತು, ಕೆಳಗೆ ನನ್ನನ್ನು ನೋಡಿಯೇ ಇರದ ಡಾಕ್ಟರೊಬ್ಬರ ಸಹಿ. ಜೊತೆಗೆ ಕೋಪಿಗೊಂದು ಕೆಂಪು ಅಂಗಿ. ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ದೇವಿಗೆ ಒಯ್ದುಕೊಟ್ಟೆ.

ದೇವಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. “ಚೆನ್ನಾಗಿದೆ ಆಂಟಿ. ಆದರೆ ಇದು ಬೇರೆ ದೇಶದ್ದು. ಇಲ್ಲಿ ಅಂಥ ಕಾನೂನು ಇರೋದು ನನಗೆ ಗೊತ್ತಿಲ್ಲ. ನಮಗೆ ನಮ್ಮ ಕಟ್ಟಡದ ರೂಲ್. ನಿಮ್ಮ ಸ್ವಂತ ಡಾಕ್ಟರ್ ಇಲ್ವಾ?”

ಸ್ವಂತ ಡಾಕ್ಟರು ಆ ಹಾಳೆ ನೋಡಿ ಕೆಂಪಾದರು. “ಕೂತಲ್ಲೇ ಯಾರೋ ನಿಮ್ಮ ಬ್ಯಾನಿ ಅಳದಾರಲ್ರೀ! ಲಲಿತಾ ಅವ್ರ, ನಿಮ್ಮ ಬ್ಯಾನಿ ಖರೇ ಅದ. ಖರೇ ಬ್ಯಾನಿಗೆ ಸುಳ್ಳು ಕಾಗದ ಯಾಕ ಬೇಕಿತ್ತು?” ಆಮೇಲೆ ತಾವೇ ಒಂದು ಪತ್ರ ಬರೆದುಕೊಟ್ಟರು. ಹಕ್ಕು ಎಂಬ ಪದ ಅದರಲ್ಲಿರಲಿಲ್ಲ. ಈ ರೋಗಿ ಹತ್ತು ತಿಂಗಳು ಒಬ್ಬರೇ ಮನೆಯಿಂದ ಹೊರಬಂದಿರಲಿಲ್ಲ, ಈ ನಾಯಿ ಬಂದ ಮೇಲೆ ಬರುತ್ತಿದ್ದಾರೆ, ದಯವಿಟ್ಟು ಪರಿಗಣಿಸಿ ಎಂದಿತ್ತು. ಅಷ್ಟೇ.

ಸಭೆ ನಡೆದದ್ದು ಈಜುಕೊಳದ ಪಕ್ಕದ ಕೋಣೆಯಲ್ಲಿ. ಕ್ಲೋರಿನ್ ವಾಸನೆ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ಬಿಳಿ ಹುಬ್ಬಿನ ಚೀನೀ ಹಿರಿಯರು. ಪ್ರತಿ ಮಹಡಿಯಿಂದ ಒಬ್ಬರು ಬಂದಿದ್ದರು. ನಮ್ಮ ಮಹಡಿಯಿಂದ ಬಂದವರು ಕಾಕ್ ಜೈತೂನ್, ಹಸಿರು ಹೂವಿನ ಉಡುಪಿನಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಪಾರ್ಕಿಂಗಿನ ಜಗಳ ಮುಗಿದು ನಮ್ಮ ಸರದಿ ಬರುವಷ್ಟರಲ್ಲಿ ಒಂದು ಗಂಟೆಯಾಗುತ್ತಿತ್ತು. ಪತ್ರ ಕೈಯಿಂದ ಕೈಗೆ ಹೋಯಿತು. ಒಬ್ಬರು ನನ್ನನ್ನು ಕನಿಕರದಿಂದ ನೋಡಿದರು. ನಮ್ಮವರು ಮೇಜಿನಡಿ ನನ್ನ ಕೈ ಅದುಮಿದರು: ಆಯಿತು, ಒಪ್ಪುತ್ತಾರೆ.

“ಕೊನೇ ಪ್ರಶ್ನೆ,” ಎಂದರು ಅಧ್ಯಕ್ಷರು. “ಈ ಆರು ತಿಂಗಳಲ್ಲಿ ನಿಮ್ಮ ಮಹಡಿಯವರಿಗೆ ಯಾರಿಗಾದರೂ ತೊಂದರೆಯಾಗಿದೆಯೇ?”

“ನೋ, ಸರ್. ಯಾರಿಗೂ ಇಲ್ಲ,” ಎಂದರು ನಮ್ಮವರು.

ನಾನು ಎದ್ದು ನಿಂತೆ. ಉತ್ತರ ಹೇಳಬೇಕಾದರೆ ಎದ್ದು ನಿಲ್ಲುವುದು ಶಾಲೆಯಿಂದ ಬಂದ ಅಭ್ಯಾಸ. “ಆಗಿದೆ, ಸರ್. ಕಾಕ್ ಜೈತೂನ್ ಅವರಿಗೆ ಆಗಿದೆ. ನನ್ನ ಟ್ರಾಲಿಯನ್ನು ಅವರು ಎಷ್ಟೋ ಸಲ ಎತ್ತಿಕೊಟ್ಟಿದ್ದಾರೆ. ಒಳಗೆ ನಾಯಿಯಿತ್ತು. ಒದ್ದೆಯಾಗಿತ್ತು. ಅವರು ಹಾಗೇ ನಮಾಜಿಗೆ ಹೋದರು. ಕುಂಬಳಕಾಯಿ ಎಂದು ಸುಳ್ಳು ಹೇಳಿದ್ದೆ. ನನಗೆ ಗೊತ್ತಾದ ಮೇಲೂ ಹೇಳಲಿಲ್ಲ.”

ಎದೆ ಹೊಡೆದುಕೊಳ್ಳುತ್ತಿತ್ತು. ಹಿಡಿದುಕೊಳ್ಳಲು ಕಿವಿಯಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದೆ.

ಕಾಕ್ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು. ಅಷ್ಟರಲ್ಲಿ ಬಾಂಗು ಕೇಳಿಸಿತು. ಅವರು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ತೀರ್ಮಾನ ಹೀಗಾಯಿತು: ಡಾಕ್ಟರ ಪತ್ರದ ಮೇರೆಗೆ ಒಂದು ವರ್ಷ ನಾಯಿ ಇರಬಹುದು, ಸಾಮಾನಿನ ಲಿಫ್ಟಿನಲ್ಲಿ ಮಾತ್ರ ಇಳಿಸಬೇಕು. ಆದರೆ ನಮ್ಮ ಮಹಡಿಯ ಮನೆಯವರೆಲ್ಲರೂ ಒಪ್ಪಿ ಸಹಿ ಹಾಕಬೇಕು. ಒಂದು ಸಹಿ ಇಲ್ಲದಿದ್ದರೂ ಸೋಮವಾರ ನಾಯಿ ಹೊರಗೆ.

“ಯಾಕೆ ಬೇಕಿತ್ತು ಲಲಿ?” ಲಿಫ್ಟಿನಲ್ಲಿ ನಮ್ಮವರ ಧ್ವನಿ ಸಣ್ಣಗಿತ್ತು. “ಗೆದ್ದಿದ್ವಲ್ಲ.”

ನಿಧಿ ಎಲ್ಲ ಕೇಳಿ, “ಯೂ ಜಸ್ಟ್ ಹ್ಯಾಡ್ ಟು, ಅಲ್ವಾ ಅಮ್ಮಾ?” ಎಂದು ಕೋಪಿಯನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಪರೂಪಕ್ಕೆ ಆಡಿದ ಆ ಒಂದು ಕನ್ನಡದ ಪದ ನನ್ನನ್ನು ಚುಚ್ಚುವುದಕ್ಕೇ ಬಂತು.

ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ಮಧ್ಯಾಹ್ನವೇ ನಮ್ಮವರು ಎರಡು ಸಹಿ ತಂದರು. ಎದುರು ಮನೆಯದನ್ನು ನನಗೆ ಬಿಟ್ಟರು. “ಅದು ನಿನ್ನದೇ,” ಎಂದರು, ಸಿಟ್ಟಿನಿಂದಲ್ಲ.

ಸಂಜೆ ಎರಡು ಸಲ ಬಾಗಿಲು ತೆರೆದು ಎರಡು ಸಲ ಮುಚ್ಚಿದೆ. ಮೂರನೇ ಸಲ ಕಾಗದದ ಜೊತೆ ಕಾಕ್ ಅವರ ಡಬ್ಬಿಯನ್ನೂ ತೆಗೆದುಕೊಂಡೆ. ಮೀನಿನ ಸಾರು ತಿನ್ನದ ನಮಗಾಗಿ ಅವರು ಬೇರೆ ಪಾತ್ರೆಯಲ್ಲಿ ಮಾಡಿದ ಹಲಸಿನ ಪಲ್ಯ ಅದರಲ್ಲಿ ಬಂದಿತ್ತು. ನಮ್ಮಿಬ್ಬರ ನಡುವೆ ಡಬ್ಬಿ ಖಾಲಿ ಹಿಂತಿರುಗಿದ್ದಿಲ್ಲ. ಚಕ್ಕುಲಿಯೋ ಕೊಬ್ಬರಿ ಮಿಠಾಯಿಯೋ ತುಂಬಿಯೇ ಕೊಡುವುದು. ಅವತ್ತು ತುಂಬುವ ಧೈರ್ಯ ಬರಲಿಲ್ಲ. ನಾಯಿ ಓಡಾಡುವ ಅಡುಗೆಮನೆಯದನ್ನು ಅವರಿಗೆ ಇನ್ನೂ ಹೇಗೆ ಕೊಡುವುದು?

ಕಾಕ್ ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಡಬ್ಬಿ ಚಾಚಿದೆ. ಅವರು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು.

“ಖಾಲಿ?”

“ಕಾಕ್, ನಮ್ಮ ಮನೆಯಲ್ಲಿ ನಾಯಿ…”

“ಆರು ತಿಂಗಳಿಂದ ಆ ಮನೆಯದ್ದೇ ತಿನ್ನುತ್ತಿದ್ದೇನೆ. ಇವತ್ತು ಮಾತ್ರ ಖಾಲಿಯಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಮಗ್ಗನ್ನು ಬಕೆಟ್ಟಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿಕೊಂಡರು.

“ಕುಂಬಳಕಾಯಿ ಸೀನುತ್ತಾ, ಲಲಿ? ಮೊದಲನೇ ದಿನವೇ ಲಿಫ್ಟಿನ ಮುಂದೆ ಎರಡು ಸಲ ಸೀನಿತು.”

“ಗೊತ್ತಿದ್ದೂ ಎತ್ತಿಕೊಟ್ಟಿರಾ? ಅಷ್ಟು ಸಲ?”

“ಒಂದು ವಾರ ತುಂಬಾ ಸಿಟ್ಟಿತ್ತು,” ಎಂದರು ಸರಳವಾಗಿ. “ಆಮೇಲೆ ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ. ತುಂಬಾ ಕಾಯಿಸಿದೆ ಲಾ.”

ಕ್ಷಮಿಸಿ ಎಂಬುದನ್ನು ಮೂರು ಭಾಷೆಯಲ್ಲಿ ಹೇಳಲು ಬಾಯಿ ತೆರೆದೆ, ಒಂದರಲ್ಲೂ ಬರಲಿಲ್ಲ. ಪರವಾಗಿಲ್ಲ ಎಂದು ಅವರೂ ಹೇಳಲಿಲ್ಲ. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಚಪ್ಪಲಿ ಗೂಡಿನ ಮೇಲೆ ಹರವಿ, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ, ಶಾಲೆಯ ರಿಜಿಸ್ಟರಿಗೆ ಹಾಕುತ್ತಿದ್ದ ಹಾಗೆ ಉದ್ದಕ್ಕೆ ಸಹಿ ಹಾಕಿದರು. ಕೆಳಗೆ ಎರಡು ಗೆರೆ ಎಳೆದರು.

ಕುಂಡಗಳ ಪಕ್ಕದ ಪಿಂಗಾಣಿ ತಟ್ಟೆ ಖಾಲಿಯಿತ್ತು. ತಳದಲ್ಲಿ ಒಂದಿಷ್ಟು ಕಂದು ಕೆಸರು ಮಾತ್ರ ಒಣಗಿ ಬಿರಿದಿತ್ತು. ಕಾಕ್ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಾ, ಬಾಗಿಲಲ್ಲಿ ಏನೋ ನೆನಪಾದವರಂತೆ ತಿರುಗಿದರು.

“ನಾಳೆ ಅಂಗಡಿಗೆ ಹೋದರೆ ಆ ಮಣ್ಣಿನ ಸೋಪು ಎರಡು ತಾ ಲಾ. ನಿನ್ನ ಕುಂಬಳಕಾಯಿಯಿಂದ ಇದು ನಾಲ್ಕನೆಯದು ಮುಗಿದದ್ದು.”